ಮಿಷನಕ್ಕ ಮತ್ತು ಆಡೋ ಕಾರಂಜಿ

ನಾನು ಪಟ್ಟಣ ಪಂಚಾಯಿತಿಯ ಸದಸ್ಯನಾಗಿದ್ದಾಗ ಸಭೆಗಳಲ್ಲಿ ನನ್ನ ಎಡಕ್ಕೆ ಕೂರುತ್ತಿದ್ದವರು ಮಿಷನಕ್ಕ. ಅವರಿಗೆ ಬೇರೆ ಹೆಸರಿತ್ತು. ಹಾಜರಿ ಕರೆಯುವಾಗ ಬಿಟ್ಟರೆ ಅದನ್ನು ಯಾರೂ ಬಳಸುತ್ತಿರಲಿಲ್ಲ, ನಾನೂ ಇಲ್ಲಿ ಬಳಸುವುದಿಲ್ಲ. ಕೆರೆ ಏರಿಯ ಕೆಳಗಿನ ಬೀದಿಯಲ್ಲಿ ಅವರದೊಂದು ರಾಗಿ ಬೀಸುವ ಮಿಷನ್ ಇತ್ತು. ಮಿಷನ್ ನಡೆಸುವ ಅಕ್ಕ, ಅದಕ್ಕೇ ಮಿಷನಕ್ಕ. ಹೋದ ತಿಂಗಳು ಅವರ ತಿಥಿಯ ಊಟ ಮಾಡಿ ಬಂದೆ. ಎರಡನೇ ಮುದ್ದೆ ಹಾಕಲು ಬಂದಾಗ ಬೇಡ ಎಂದೆ, ಬಡಿಸುವವನು ಮುಂದಿನ ಎಲೆಗೆ ಹೋಗಿಬಿಟ್ಟ. ಅಕ್ಕ ಇದ್ದಿದ್ದರೆ "ಏನಂದೆ?" ಎಂದು ಕೇಳಿ, ನಾನು ಮತ್ತೊಮ್ಮೆ ಬೇಡ ಎನ್ನುವಷ್ಟರಲ್ಲಿ ಮುದ್ದೆಯನ್ನು ಎಲೆಗೆ ಹಾಕಿ ಆಗಿರುತ್ತಿತ್ತು. ಎಲೆಯ ಮುಂದೆ ಕೂತು ನನಗೆ ಅವರಿಲ್ಲ ಎನ್ನುವುದು ಸರಿಯಾಗಿ ತಿಳಿದದ್ದು ಆಗಲೇ.

ಜೀವಮಾನವಿಡೀ ಮಿಷನ್ನಿನ ಪಕ್ಕ ನಿಂತು ಅಕ್ಕನ ಕಿವಿ ಮಂದವಾಗಿತ್ತು. ಎಷ್ಟು ಮಂದ ಎನ್ನುವುದು ಮಾತ್ರ ಊರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಮಿಷನ್ ಓಡುತ್ತಿರುವಾಗ ಮೂಲೆಯಲ್ಲಿ ಇಬ್ಬರು ಹೆಂಗಸರು ಅಕ್ಕನ ಸೊಸೆಯ ಬಗ್ಗೆ ಗುಸುಗುಸು ಎಂದರೂ ಅವರಿಗೆ ಕೇಳಿಸುತ್ತಿತ್ತು. ನಮ್ಮ ಮುಖ್ಯಾಧಿಕಾರಿಗಳು ಸಭೆಯಲ್ಲಿ "ಇದಕ್ಕೆ ನಿಯಮದಲ್ಲಿ ಅವಕಾಶವಿಲ್ಲ" ಎಂದರೆ ಕೇಳಿಸುತ್ತಿರಲಿಲ್ಲ. "ಏನಂದ್ರಿ?" ಎಂದು ಕೈಯನ್ನು ಕಿವಿಯ ಹಿಂದೆ ಇಡುತ್ತಿದ್ದರು. ಅಧಿಕಾರಿ ಇನ್ನೂ ಜೋರಾಗಿ ಹೇಳುತ್ತಿದ್ದರು. "ಏನಂದ್ರಿ?" ಮತ್ತೊಮ್ಮೆ ಜೋರಾಗಿ. ಕೊನೆಗೆ ಅವರು ಸುಸ್ತಾಗಿ "ಆಯ್ತಮ್ಮ, ನೋಡೋಣ" ಎನ್ನುತ್ತಿದ್ದರು. ಅದೊಂದು ಅಕ್ಕನಿಗೆ ಮೊದಲ ಸಲಕ್ಕೇ ಕೇಳಿಸುತ್ತಿತ್ತು.

ದನಿಯೂ ಅಷ್ಟೇ. ಮಿಷನ್ನಿನ ಸದ್ದಿನ ಮೇಲೆ ಕೂಗಿ ಅಭ್ಯಾಸವಾದ ಗಂಟಲು, ಅದಕ್ಕೆ ಮೆತ್ತಗೆ ಎನ್ನುವುದೇ ಗೊತ್ತಿರಲಿಲ್ಲ. ಬಸ್ ಸ್ಟ್ಯಾಂಡ್ ಎದುರಿಗಿರುವ ನನ್ನ ಮೆಡಿಕಲ್ ಸ್ಟೋರಿಗೆ ಬಿಪಿ ಮಾತ್ರೆಗೆ ಬಂದು, "ಯಾರ್ಗೂ ಯೋಳ್ಬ್ಯಾಡ ಕಣ್ಲಾ" ಎಂದು ಶುರುಮಾಡಿ ಒಂದು ಗುಟ್ಟು ಹೇಳಿದರೆ, ಆಚೆ ನಿಂತ ಬಸ್ಸಿನಲ್ಲಿ ಕೂತವರು ಕಿಟಕಿಯಿಂದ ತಲೆ ಹೊರಗೆ ಹಾಕುತ್ತಿದ್ದರು. ನನ್ನನ್ನು ಅವರು ಕರೆಯುತ್ತಿದ್ದದ್ದು "ಮೆಡಿಕಲ್ಲು" ಎಂದು. ಆ ಹೆಸರಿನಿಂದ ನನ್ನನ್ನು ಕರೆಯುವವರು ಈಗ ಯಾರೂ ಇಲ್ಲ.

ಮಿಷನ್ನಿನ ಹತ್ತಿರ ಅವರದೇ ಕಾನೂನು. ಸಾಲು ತಪ್ಪಿಸುವಂತಿಲ್ಲ. ಅಧ್ಯಕ್ಷರ ಮನೆಯ ರಾಗಿ ಮೂಟೆಯೂ ಕೂಲಿಯವಳ ಡಬ್ಬದ ಹಿಂದೆ ಕಾಯಬೇಕು. ಆದರೆ ಕೂಸು ಎತ್ತಿಕೊಂಡು ಬಂದವರಿಗೆ ಸಾಲಿಲ್ಲ. ರಚ್ಚೆ ಹಿಡಿದು ಮಲಗದ ಕೂಸುಗಳನ್ನು ತಾಯಂದಿರು ಅಲ್ಲಿಗೇ ತರುತ್ತಿದ್ದರು, ರಾಗಿ ಇರಲಿ ಬಿಡಲಿ. ಆ ಗಡಗಡ ಸದ್ದಿಗೆ ಕೂಸುಗಳು ಅದು ಹೇಗೋ ನಿದ್ದೆ ಹೋಗುತ್ತಿದ್ದವು. ಅಕ್ಕ ಗೋಣಿಚೀಲದ ಮೇಲೆ ಹಳೇ ಸೀರೆ ಹಾಸಿ ಅವನ್ನು ಸಾಲಾಗಿ ಮಲಗಿಸಿ, ರೆಪ್ಪೆಯ ಮೇಲೆಲ್ಲ ಹಿಟ್ಟು ಕೂತ ಕಣ್ಣಿನಿಂದ ನೋಡುತ್ತ ನಿಲ್ಲುತ್ತಿದ್ದರು. ನನ್ನ ಮಗಳೂ ಅಲ್ಲಿ ಮಲಗಿ ಎದ್ದವಳೇ. ಮನೆಗೆ ಕರೆತಂದಾಗ ಅವಳ ತಲೆಗೂದಲಲ್ಲಿ ರಾಗಿ ಹಿಟ್ಟಿನ ವಾಸನೆ ಇರುತ್ತಿತ್ತು.

ಅಕ್ಕನ ತವರು ಸಾಲಿಗ್ರಾಮದ ಹತ್ತಿರ, ಹೊಳೆ ದಡದ ಹಳ್ಳಿ. ಅಲ್ಲಿನ ಹೆಣ್ಣುಮಕ್ಕಳು ಬೆನ್ನಿಗೆ ಒಣಗಿದ ಸೋರೆ ಬುರುಡೆ ಕಟ್ಟಿಕೊಂಡು ಈಜು ಕಲಿಯುತ್ತಿದ್ದರಂತೆ. ಒಂದು ದಿನ ಸಭೆಗೆ ಸಾಕಷ್ಟು ಸದಸ್ಯರು ಬಾರದೆ ಎಲ್ಲರೂ ಆಕಳಿಸುತ್ತ ಕೂತಿದ್ದಾಗ ಅಕ್ಕ ಈ ಕಥೆ ಹೇಳಿದರು. ಮದುವೆಯಾಗಿ ನಮ್ಮೂರಿಗೆ ಬಂದ ಹೊಸತು. ಅತ್ತೆಯ ಜೊತೆ ಬಟ್ಟೆ ಒಗೆಯಲು ಕೆರೆಗೆ ಹೋಗಿದ್ದಾರೆ. ಸುಡು ಬಿಸಿಲು. ಅತ್ತೆ ಮರದ ನೆರಳಿಗೆ ಹೋದದ್ದೇ ತಡ, ಸೊಸೆ ಸೀರೆ ಎತ್ತಿ ಕಟ್ಟಿ ನೀರಿಗಿಳಿದು ಕೆರೆಯ ನಡುವಿಗೆ ಹೋಗಿಬಿಟ್ಟಿದ್ದಾಳೆ. ನಮ್ಮೂರಲ್ಲಿ ಹೆಂಗಸರು ಕೆರೆಗೆ ಇಳಿಯುವುದು ಮೊಣಕಾಲಿನವರೆಗೆ ಮಾತ್ರ. ಅದಕ್ಕಿಂತ ಮುಂದೆ ಹೋದವಳು ಜೀವ ಬೇಡವಾದವಳು ಎಂದೇ ಅರ್ಥ.

"ನಮ್ಮತ್ತೆ ಬಾಯ್ ಬಡ್ಕಂಡ್ರು ಕಣಪ್ಪ. ಅಯ್ಯೋ, ಮೊನ್ನೆ ಬಂದ ಸೊಸೆ ಕೆರೆಗೆ ಬಿದ್ಲು, ಓಡ್ಬನ್ರಪ್ಪೋ ಅಂತ. ಗದ್ದೇಲಿದ್ದ ಗಂಡಸ್ರೆಲ್ಲ ಬಂದು ದಬದಬ ಅಂತ ನೀರಿಗೆ ಬಿದ್ರು. ಅದ್ರಲ್ಲಿ ಒಬ್ಬಂಗೆ ಈಜೇ ಬರ್ತಿರ್ಲಿಲ್ಲ. ಅವುನ್ನ ಕೂದ್ಲು ಇಡ್ಕಂಡು ನಾನೇ ದಡಕ್ಕೆ ಎಳ್ಕಂಡು ಬಂದೆ."

"ಯಾರಕ್ಕ ಅವನು?"

"ಏನಂದೆ?"

ನಾನು ಮತ್ತೆ ಕೇಳಲಿಲ್ಲ. ಅವರ ಯಜಮಾನರೇ ಇರಬೇಕು ಎಂಬ ಅನುಮಾನ ನನಗೆ ಇವತ್ತಿಗೂ ಇದೆ. ಅಂದು ಸಂಜೆ ಅತ್ತೆ ದೀಪದ ಮುಂದೆ ನಿಲ್ಲಿಸಿ, ಇನ್ನು ನೀರಿಗೆ ಇಳಿಯುವುದಿಲ್ಲ ಎಂದು ಸೊಸೆಯ ಕೈಲಿ ಆಣೆ ಮಾಡಿಸಿದರಂತೆ. ಅತ್ತೆ ತೀರಿಕೊಂಡು ಎಷ್ಟೋ ಕಾಲವಾದರೂ ಅಕ್ಕ ಆ ಮಾತು ಮೀರಿರಲಿಲ್ಲ.

"ಅದು ವೋಗ್ಲಿ ಬುಡು," ಎಂದರು. "ಮೈ ಅಂಗೇ ಅಗುರಾಗಿ ನೀರ್ಮ್ಯಾಲೆ ತೇಲ್ತದಲ್ಲ, ಅದು ಎಂಗಿರ್ತದೆ ಅಂತ ಈ ಊರಿನ ಒಂದ್ ಎಣ್ಮಗೀಗೂ ಗೊತ್ತಿಲ್ವಲ್ಲ ಮೆಡಿಕಲ್ಲು. ಅದ್ ನೆನುಸ್ಕಂಡ್ರೆ ನಂಗೆ ಒಟ್ಟೆ ಉರೀತದೆ."

ಆ ವೇಳೆಗೆ ನಮ್ಮೂರು ಗ್ರಾಮ ಪಂಚಾಯಿತಿಯಿಂದ ಪಟ್ಟಣ ಪಂಚಾಯಿತಿಗೆ ಬಡ್ತಿ ಪಡೆದಿತ್ತು. ಊರು ಇದ್ದ ಹಾಗೇ ಇತ್ತು, ಬೋರ್ಡು ಮಾತ್ರ ಹೊಸದು. ಹುಣಸೂರಿನಿಂದ ಕೆ.ಆರ್. ನಗರದ ಕಡೆ ಹೋಗುವ ಬಸ್ಸುಗಳು ಮೊದಲಿನಂತೆಯೇ ನಿಂತ ಹಾಗೆ ಮಾಡಿ ಹೊರಟುಬಿಡುತ್ತಿದ್ದವು. ಪಟ್ಟಣವೆಂದ ಮೇಲೆ ಪಟ್ಟಣದ ಹಾಗೆ ಕಾಣಬೇಡವೇ ಎನ್ನುವುದು ಅಧ್ಯಕ್ಷರ ಚಿಂತೆ. ಅವರು ಕೆಟ್ಟವರಲ್ಲ, ಸ್ವಲ್ಪ ಶೋಕಿ ಮನುಷ್ಯ. ಮೊಮ್ಮಕ್ಕಳ ಜೊತೆ ಕೆ.ಆರ್.ಎಸ್.ಗೆ ಹೋಗಿ ಕಾರಂಜಿ ನೋಡಿ ಬಂದ ಮೇಲೆ ಅವರ ಕಣ್ಣಲ್ಲಿ ಬಣ್ಣದ ನೀರೇ ಕುಣಿಯುತ್ತಿತ್ತು. ಹೊಸ ಪಟ್ಟಣಕ್ಕೆಂದು ಅದೇ ಸಮಯಕ್ಕೆ ದೊಡ್ಡದೊಂದು ಅನುದಾನ ಬಂತು. ಅದನ್ನು ಯಾವುದಕ್ಕೆ ಖರ್ಚು ಮಾಡಬೇಕು ಎಂಬುದನ್ನು ಸದಸ್ಯರೇ ತೀರ್ಮಾನಿಸಬೇಕಿತ್ತು.

ಇಲ್ಲಿ ನಮ್ಮ ಕಡೆಯ ಬಾಯಿಯ ಬಗ್ಗೆ ಒಂದು ಮಾತು ಹೇಳದೆ ವಿಧಿಯಿಲ್ಲ. 'ಹ' ಎಂಬ ಅಕ್ಷರವನ್ನು ನಮಗೂ ಶಾಲೆಯಲ್ಲಿ ಕಲಿಸುತ್ತಾರೆ. ಮನೆಗೆ ಬರುವ ದಾರಿಯಲ್ಲಿ ಅದು ಎಲ್ಲೋ ಉದುರಿಹೋಗುತ್ತದೆ. ನಮಗೆ ಹಾಲು ಆಲು, ಹಬ್ಬ ಅಬ್ಬ, ಹುಣಸೂರು ಉಣಸೂರು. ಇದರಿಂದ ಯಾರಿಗೂ ತೊಂದರೆಯಾದದ್ದಿಲ್ಲ, ಆ ಒಂದು ಸಭೆಯವರೆಗೆ.

ಮುಖ್ಯಾಧಿಕಾರಿಗಳು ಹೊರಗಿನ ಊರಿನವರು, ಮಾತು ಪುಸ್ತಕದ ಹಾಗೆ. "ಕೆರೆಯ ಅಂಗಳದಲ್ಲಿ ಸಂಗೀತ ಕಾರಂಜಿ ನಿರ್ಮಾಣ" ಎಂದು ಓದಿದರು. ಅಕ್ಕ "ಏನಂದ್ರಿ?" ಎಂದರು. ಈ ಸಲ ನಿಜವಾಗಿಯೂ ಕೇಳಿಸಿರಲಿಲ್ಲ. ಅಧ್ಯಕ್ಷರು ಮೇಜಿನ ಮೇಲೆ ಬಗ್ಗಿ ತಾವೇ ಬಿಡಿಸಿ ಹೇಳಿದರು:

"ಆಡೋ ಕಾರಂಜಿ ಕಣಕ್ಕ, ಆಡೋ ಕಾರಂಜಿ! ನೀರು ಮ್ಯಾಕೆ ಚಿಮ್ತದೆ, ಕುಣೀತದೆ, ಬಣ್ಣ ಬಣ್ಣದ ಲೈಟು. ಐಕ್ಳಿಗೆಲ್ಲ ಕುಸಿಯೋ ಕುಸಿ!"

ನನಗೆ ಅದು 'ಹಾಡೋ ಕಾರಂಜಿ' ಎಂದೇ ಕೇಳಿಸಿತು, ಏಕೆಂದರೆ ಮುಂದಿದ್ದ ಕಾಗದ ಓದಿಕೊಂಡಿದ್ದೆ. ಅಕ್ಕ ಕಾಗದ ನೋಡುವವರಲ್ಲ, ಎದುರಿಗಿದ್ದವರ ಬಾಯಿ ನೋಡುವವರು. ಅವರಿಗೆ ಕೇಳಿಸಿದ್ದು ಮಕ್ಕಳು ಇಳಿದು ಆಡುವ ಕಾರಂಜಿ.

"ಎಣ್ಣೈಕ್ಳಿಗೂವೆ?" ಎಂದು ಹೆಣ್ಣುಮಕ್ಕಳ ಬಗ್ಗೆಯೇ ಕೇಳಿದರು.

"ಊಂ ಮತ್ತೆ, ಎಲ್ಲಾರ್ಗೂವೆ."

ಅಕ್ಕನ ಮುಖ ಅರಳಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. "ಮಾಡ್ಸಿ ಅಧ್ಯಕ್ಷ್ರೆ! ನನ್ ವಾರ್ಡ್‌ದು ಪೂರಾ ಒಪ್ಗೆ," ಎಂದು ಕೂಗಿ, ಕೇಳುವ ಮೊದಲೇ ಕೈ ಎತ್ತಿದರು. ಅಂದು ಒಪ್ಪಿದ್ದು ಯೋಜನೆ ತಯಾರಿಸಲು ಮಾತ್ರ. ಖರ್ಚಿಗೆ ಅಂತಿಮ ತೀರ್ಮಾನ ಮುಂದೆ ಆಗಬೇಕಿತ್ತು.

ಊರು ಎರಡು ಪಾಲಾಯಿತು. ನಾನು ಕಾರಂಜಿಯ ವಿರೋಧಿ. ಮನೆಗಳಿಗೆ ನಾಲ್ಕು ದಿನಕ್ಕೊಮ್ಮೆ ನಲ್ಲಿ ನೀರು ಬರುವ ಊರಲ್ಲಿ ನೀರನ್ನು ಕುಣಿಸುವುದು ಎಂದರೆ ನನಗೆ ಮೈ ಉರಿಯುತ್ತಿತ್ತು. "ಕುಡಿಯೋಕೆ ನೀರಿಲ್ಲ, ಕುಣಿಯೋಕೆ ನೀರಾ?" ಎಂದು ಬ್ಯಾನರ್ ಬರೆಸಿ ಅಂಗಡಿಯ ಮುಂದೆ ಕಟ್ಟಿದೆ. ಅಕ್ಕ ಮಾತ್ರೆ ತೆಗೆದುಕೊಳ್ಳಲು ಬಂದವರು ಅದನ್ನು ಅಕ್ಷರ ಅಕ್ಷರವಾಗಿ ಓದಿದರು.

"ಚೆನ್ನಾಗದೆ ಕಣ್ಲಾ, ಪ್ರಾಸ ಆಕಿದ್ದೀಯ."

"ಅಕ್ಕ, ಮೊದಲು ಪೈಪ್‌ಲೈನ್ ಆಗಲಿ. ಆಟಪಾಠ ಆಮೇಲೆ ನೋಡೋಣ."

"ಆಮ್ಯಾಕೆ ಅನ್ನೋದ ನಾನು ಮದ್ವೆಯಾಗಿ ಬಂದಾಗ್ಲಿಂದ ಕೇಳ್ತಾವ್ನಿ. ಗಂಡೈಕ್ಳು ನಾಲೆಗೆ ಬೀಳ್ತವೆ, ಏಟು ತಿಂತವೆ, ಮತ್ತೆ ಬೀಳ್ತವೆ. ಎಣ್ಣೈಕ್ಳು ದಡದ ಮ್ಯಾಲೆ ಕುಂತ್ಕಂಡು ಅವುರ್ ಚಡ್ಡಿ ಕಾಯ್ತವೆ. ನಿನ್ ಪೈಪು ಬರಾಗಂಟ ಅವು ಕಾಯ್ತಾ ಕುಂತಿದ್ರೆ, ಅವುಕ್ಕೇ ಮದ್ವೆಯಾಗಿ ಮಕ್ಳಾಗಿರ್ತವೆ."

ನಾನು ಬ್ಯಾನರ್ ಬಿಚ್ಚಲಿಲ್ಲ. ಅವರೂ ಬಿಚ್ಚು ಎನ್ನಲಿಲ್ಲ. ಮಾತ್ರೆಯ ಚೀಟಿ ಸೆರಗಿಗೆ ಗಂಟು ಹಾಕಿಕೊಂಡು ಹೋದರು. ಜಗಳವಾಡಿದ ದಿನವೂ ಸಂಜೆ ನಮ್ಮ ಮನೆಗೆ ಹಿಟ್ಟು ಕಳಿಸುವಾಗ ಮೇಲೊಂದು ಹಿಡಿ ಹುರಿಗಡಲೆ ಹಿಟ್ಟು ಇರುತ್ತಿತ್ತು, ಮಗಳಿಗೆ ಉಂಡೆ ಮಾಡಿಕೊಡಲು.

ಅವರ ಬೀದಿಯಲ್ಲಂತೂ ತಯಾರಿ ಶುರುವಾಗಿತ್ತು. ಬೀದಿಯ ತಾಯಂದಿರಿಗೆಲ್ಲ ಅಕ್ಕನ ಅಪ್ಪಣೆ: ಪ್ರತಿ ಹೆಣ್ಣುಮಗುವಿಗೂ ಒಂದು 'ನೀರಿನ ಬಟ್ಟೆ' ಇರಬೇಕು, ಮೈಗೆ ಅಂಟದಂಥದ್ದು, ಕಾಲಿಗೆ ತೊಡರದಂಥದ್ದು. ಹೊಲಿಗೆ ಮಿಷನ್ ಇದ್ದ ಮನೆಯಲ್ಲಿ ಹಳೇ ನೈಟಿ, ಹಳೇ ಚೂಡಿದಾರ ಕತ್ತರಿಸಿ ಹೊಲಿದದ್ದೇ ಹೊಲಿದದ್ದು. ಹುಡುಗಿಯರು ಅವನ್ನು ಹಾಕಿಕೊಂಡು ಒಣ ಬೀದಿಯಲ್ಲೇ ಈಜುವವರ ಹಾಗೆ ಕೈ ಬೀಸುತ್ತ ಓಡುತ್ತಿದ್ದರು. ಅಕ್ಕ ಮಿಷನ್ನಿನ ಬಾಗಿಲಲ್ಲಿ ನಿಂತು, ಕೈ ಹಾಗಲ್ಲ ಹೀಗೆ ಎಂದು ತೋರಿಸುತ್ತಿದ್ದರು.

ಯೋಜನೆ ತಯಾರಾದ ಮೇಲೆ ಜನರಿಗೆ ತೋರಿಸೋಣ ಎಂದು ಶಾಲೆಯ ಹಾಲ್‌ನಲ್ಲಿ ಸಭೆ ಕರೆದರು. ಗೋಡೆಗೆ ಬಿಳಿ ಪಂಚೆ ಕಟ್ಟಿ ವಿಡಿಯೋ ಬಿಟ್ಟರು. ದೊಡ್ಡ ಕೊಳ, ಸುತ್ತಲೂ ಎದೆಯೆತ್ತರದ ಗ್ರಿಲ್ಲು, ಗ್ರಿಲ್ಲಿನಾಚೆ ಮೆಟ್ಟಿಲ ಮೇಲೆ ಕೂತು ನೋಡುವ ಜನ, ಹಾಡಿನ ತಾಳಕ್ಕೆ ಏಳುವ ಬೀಳುವ ನೀರು. ಹುಡುಗರು ಶಿಳ್ಳೆ ಹಾಕಿದರು. ಅಕ್ಕ ಎದ್ದು ಪಂಚೆಯ ಹತ್ತಿರ ಹೋಗಿ ಕಣ್ಣು ಕಿರಿದು ಮಾಡಿ ನೋಡಿದರು. ಬಣ್ಣದ ಬೆಳಕೆಲ್ಲ ಅವರ ಬಿಳಿ ಕೂದಲ ಮೇಲೆ ಓಡಾಡುತ್ತಿತ್ತು.

"ಐಕ್ಳು ಎಲ್ಲಿಂದ ಇಳೀತವೆ?" ಎಂದು ಕೇಳಿದರು.

"ಇಳ್ಯೋದಲ್ಲ ಕಣಕ್ಕ, ನೋಡೋದು," ಎಂದರು ಅಧ್ಯಕ್ಷರು.

"ಆಡೋ ಕಾರಂಜಿ ಅಂದ್ರಲ್ಲ?"

"ಊಂ ಆಡೋದೇಯ. ಪದ ಆಡೋದು. ಪಾಟು ಆಡ್ತದಲ್ಲ, ಕೇಳಾಕಿಲ್ವಾ?"

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಇಡೀ ಸಭೆ ನಕ್ಕಿತು. ಬೇಕೆಂದೇ ನೋಯಿಸುವ ನಗುವಲ್ಲ ಅದು, ಆದರೂ ನಿಲ್ಲಲೇ ಇಲ್ಲ. ಅಕ್ಕನೂ ನಗಲು ನೋಡಿದರು. ಆಮೇಲೆ ಹಿಂದಿನ ಸಾಲಿನಲ್ಲಿ ಕೂತಿದ್ದ ತಮ್ಮ ಬೀದಿಯ ಹುಡುಗಿಯರ ಕಡೆ ತಿರುಗಿದರು. ಆ ಮಕ್ಕಳು ನಗುತ್ತಿರಲಿಲ್ಲ. ಅಕ್ಕ ಚಪ್ಪಲಿ ಹುಡುಕಿ ಮೆಟ್ಟಿಕೊಂಡು ಹೊರಗೆ ಹೋದರು. ಅವರು ಮಾತಾಡದೆ ಎದ್ದು ಹೋದದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಅಂತಿಮ ಸಭೆಗೆ ಮುಂಚೆ ನೋಡಿದರೆ ಸದಸ್ಯರು ಸರಿಸಮ ಹಂಚಿಹೋಗಿದ್ದರು. ಅಕ್ಕ ಯಾವ ಕಡೆ ಕೈ ಎತ್ತುತ್ತಾರೋ ಆ ಕಡೆಗೆ ಗೆಲುವು. ನಮ್ಮ ಗುಂಪಿನವರಿಗೆ ಸಂಭ್ರಮ. "ನಿಮ್ಮಕ್ಕ ಅಲ್ವಾ, ವೋಗಿ ಕರ್ಕಂಡು ಬಾ" ಎಂದು ನನ್ನನ್ನೇ ಅಟ್ಟಿದರು.

ಹೋದರೆ ಮಿಷನ್ ನಿಂತಿತ್ತು. ಬೆಳಗಿನ ಹೊತ್ತು, ಹೊರಗೆ ಡಬ್ಬಗಳ ಸಾಲು, ಆದರೂ ಮಿಷನ್ ನಿಂತಿತ್ತು. ಒಳಗೆ ಬೀದಿಯ ಹುಡುಗಿಯರೆಲ್ಲ ಗೋಣಿಚೀಲದ ಮೇಲೆ ಕೂತಿದ್ದರು, ಅಕ್ಕ ನಿಂತು ಹೇಳುತ್ತಿದ್ದರು.

"ನಂದೇ ತಪ್ಪು ಕಣ್ರವ್ವ. ನಾನು ಆಡೋದು ಅಂದ್ಕಂಡಿದ್ದೆ. ಅದು ಆಡೋದಂತೆ."

ಹುಡುಗಿಯರು ಮುಖ ಮುಖ ನೋಡಿಕೊಂಡರು. "ಅಂಗಾದ್ರೆ ಸರೀನೇ ಅಲ್ವಾ ಅಜ್ಜಿ?" ಎಂದಳು ಒಬ್ಬಳು.

"ಅಲ್ಲ ಕಣವ್ವ. ಆ ಆಡೋದಲ್ಲ. ಈ ಆಡೋದು."

"ಯಾವ ಆಡೋದು?"

ಅಕ್ಕನಿಗೆ ಹೇಳಲು ಬರಲಿಲ್ಲ. ಬಾಯಲ್ಲಿ ಇಲ್ಲದ ಅಕ್ಷರವನ್ನು ಎಲ್ಲಿಂದ ತರುವುದು? ಕೊನೆಗೆ ಆ ಭಾರಿ ದನಿಯಲ್ಲಿ "ಲಾಲಿ ಲಾಲಿ ಲಾಲಿ" ಎಂದು ಒಂದು ಜೋಗುಳದ ಎಳೆ ಹಾಡಿ, "ಇಂಗೆ ಆಡೋದು" ಎಂದರು. ಆಗ ಮಕ್ಕಳಿಗೆ ತಿಳಿಯಿತು. ಬಾಗಿಲಲ್ಲಿ ನಿಂತಿದ್ದ ನನಗೆ ನಗು ಬಂತು, ಆದರೂ ಮಕ್ಕಳು ಏಳುವವರೆಗೆ ಹೊರಗೇ ನಿಂತೆ.

ಹುಡುಗಿಯರು ಹೋದ ಮೇಲೆ ಮಿಷನ್ನಿನ ಮುಚ್ಚಳದ ಮೇಲೆ ಕೂತಿದ್ದ ಹಿಟ್ಟಿನಲ್ಲಿ ಬೆರಳಿನಿಂದ 'ಹಾಡು' ಎಂದು ಬರೆದೆ. ಪಕ್ಕದಲ್ಲಿ 'ಆಡು' ಎಂದು ಬರೆದೆ. ಅಕ್ಕ ಎರಡನ್ನೂ ಓದಿದರು.

"ಇಷ್ಟೇನಾ ಯತ್ಯಾಸ?"

"ಇಷ್ಟೇ ಅಕ್ಕ. ಇರಲಿ ಬಿಡಿ, ಈಗಲಾದರೂ ನಮ್ಮ ಕಡೆ ಬನ್ನಿ. ಪೈಪ್‌ಲೈನ್‌ಗೆ ಕೈ ಎತ್ತಿ."

"ನೀವು ಎಣ್ಣೈಕ್ಳಿಗೆ ಏನ್ ಕೊಡ್ತೀರಿ?"

"ನೀರು ಕೊಡ್ತೀವಿ ಅಕ್ಕ."

"ಬಿಂದಿಗೆ ಒರೋ ನೀರು," ಎಂದರು. "ಅದು ಅವುಕ್ಕೆ ಉಟ್ದಾಗ್ಲಿಂದ ಸಿಕ್ಕದೆ."

ಅಷ್ಟು ಹೇಳಿ ಮಿಷನ್ ಚಾಲೂ ಮಾಡಿದರು. ನಾನು ಮುಂದೆ ಹೇಳಿದ್ದು ಅವರಿಗೂ ಕೇಳಿಸಲಿಲ್ಲ, ನನಗೂ ಕೇಳಿಸಲಿಲ್ಲ. ಸಂಜೆ ಅಧ್ಯಕ್ಷರು ಹೋಗಿ, ಕಾರಂಜಿಗೆ ಕೈ ಎತ್ತಿದರೆ ಬೀದಿಗೆ ಕಾಂಕ್ರೀಟ್ ರಸ್ತೆ ಹಾಕಿಸುತ್ತೇನೆ ಎಂದರಂತೆ. "ಏನಂದ್ರಿ?" ಎಂದರಂತೆ ಅಕ್ಕ. ಕೂಗಿ ಕೂಗಿ ಅಧ್ಯಕ್ಷರ ಗಂಟಲು ಹೋಗಿ, ಮರುದಿನ ನನ್ನ ಅಂಗಡಿಗೇ ಕೆಮ್ಮಿನ ಔಷಧಿಗೆ ಬಂದರು.

ಸಭೆಯ ದಿನ ಪಂಚಾಯಿತಿಯ ಸಭಾಂಗಣ ತುಂಬಿತ್ತು. ನಾವು ಪೈಪ್‌ಲೈನ್ ಎಂದೆವು, ಅವರು ಪಟ್ಟಣದ ಮಾನ ಎಂದರು. ಒಬ್ಬ ಸದಸ್ಯರು, ಆಟಕ್ಕೆ ದುಡ್ಡು ಸುರಿಯುವುದೇ ದಂಡ, ನಾವೆಲ್ಲ ಮಣ್ಣಲ್ಲಿ ಆಡಿ ಬೆಳೆಯಲಿಲ್ಲವೇ ಎಂದರು. ಆಗ ಅಕ್ಕ ಎದ್ದು ನಿಂತರು.

"ನೀವ್ ಆಡಿದ್ರಿ, ಸರಿ. ನಿಮ್ ತಂಗಿ ಏನ್ಮಾಡ್ತಿದ್ರು ಅವಾಗ?" ಎಂದು ಕೇಳಿದರು. ಆ ಸದಸ್ಯರು ಕೂತರು. ಅಕ್ಕ ಅಧ್ಯಕ್ಷರ ಕಡೆ ತಿರುಗಿದರು. "ಅಧ್ಯಕ್ಷ್ರೆ, ಆಟಕ್ಕೆ ಕರ್ಚು ಮಾಡ್ಬ್ಯಾಡಿ ಅನ್ನೋಳಲ್ಲ ನಾನು. ನಮ್ ಮೆಡಿಕಲ್ಲು ಅಂಗಂತಾನೆ, ಅದ್ ಅವನಿಷ್ಟ. ಆದ್ರೆ ಕುಂತ್ಕಂಡು ನೋಡಾದು ಆಟ ಅಲ್ಲ. ನಮ್ ಎಣ್ಣೈಕ್ಳು ಉಟ್ದಾಗ್ಲಿಂದ ದಡದಲ್ಲಿ ಕುಂತ್ಕಂಡು ನೋಡ್ತಾನೇ ಅವೆ. ನೋಡಕ್ಕೆ ಇನ್ನೊಂದು ಜಾಗ ಯಾಕೆ? ನಿಮ್ ಕಾರಂಜೀಲಿ ಒಂದ್ ಅಕ್ಸರ ಜಾಸ್ತಿ ಅದೆ. ಮೆಡಿಕಲ್ಲು ನಂಗೆ ಬರ್ದು ತೋರ್ಸವ್ನೆ. ಆ ಅಕ್ಸರ ನಮ್ಮೂರ್ ಬಾಯಲ್ಲಿ ಎಂಗೂ ಇಲ್ಲ. ಪ್ಲಾನಲ್ಲಿ ಯಾಕಿರ್ಬೇಕು? ತೆಗ್ದಾಕ್ರಿ ಅದ. ಪಾಟು ಬ್ಯಾಡ, ಗ್ರಿಲ್ಲು ಬ್ಯಾಡ. ಮಂಡಿಯುದ್ದ ನೀರು ಬುಡಿ, ಕಾರಂಜಿ ಚಿಮ್ಲಿ, ಐಕ್ಳು ಇಳೀಲಿ. ಅಂಗೆ ಮಾಡಾದಾದ್ರೆ ನನ್ ಕೈ ಎತ್ತೀನಿ. ಇಲ್ದಿದ್ರೆ ಯಾವ್ ಕಡೀಕೂ ಎತ್ತಾಕಿಲ್ಲ."

ಈ ಸಲ ಯಾರೂ ನಗಲಿಲ್ಲ. ಮುಖ್ಯಾಧಿಕಾರಿಗಳು, ತಯಾರಾದ ಯೋಜನೆಯನ್ನು ಬದಲಿಸಲು ನಿಯಮದಲ್ಲಿ ಅವಕಾಶವಿಲ್ಲ ಎಂದರು. "ಏನಂದ್ರಿ?" ಎಂದರು ಅಕ್ಕ. ಅಧಿಕಾರಿ ಅವರ ಮುಖ ನೋಡಿದರು, ಅಧ್ಯಕ್ಷರ ಮುಖ ನೋಡಿದರು, ಕನ್ನಡಕ ತೆಗೆದು ಒರೆಸಿಕೊಂಡರು. "ಆಯ್ತಮ್ಮ, ನೋಡೋಣ" ಎಂದರು.

ಅಧ್ಯಕ್ಷರು ಒಪ್ಪಿದ್ದಕ್ಕೆ, ಕಾರಂಜಿ ಯಾವ ಥರದ್ದೇ ಆಗಲಿ, ಶಂಕುಸ್ಥಾಪನೆಯ ಕಲ್ಲಿನ ಮೇಲೆ ಅವರ ಹೆಸರೇ ಇರುತ್ತದೆ ಎಂಬುದೂ ಒಂದು ಕಾರಣ. ಮೊಮ್ಮಗಳು ಮನೆಯಲ್ಲಿ ಊಟ ಬಿಟ್ಟು ಹಠ ಹಿಡಿದಿದ್ದಳು ಎಂಬುದು ಇನ್ನೊಂದು ಎಂದು ಆಮೇಲೆ ತಿಳಿಯಿತು. ಅಕ್ಕನ ಕೈ ಎದ್ದಿತು, ಕಾರಂಜಿಯ ಕಡೆಯವರು ಗೆದ್ದರು. ನಾನು ಕೈ ಎತ್ತಲಿಲ್ಲ. ಪೈಪ್‌ಲೈನ್ ಮೊದಲಾಗಬೇಕಿತ್ತು ಎಂದು ನಾನು ಈಗಲೂ ಹೇಳುತ್ತೇನೆ. ಉಳಿದ ಹಣದಲ್ಲಿ ಪೈಪು ಹಾಕಿದರು. ಪೈಪು ಬಂದಿದೆ, ನೀರಿನ್ನೂ ನಾಲ್ಕು ದಿನಕ್ಕೊಮ್ಮೆಯೇ. ಇದನ್ನು ಹೇಳಿದಾಗಲೆಲ್ಲ ಅಕ್ಕ "ಪಾಪ" ಎನ್ನುತ್ತಿದ್ದರು. ಯಾರಿಗೆ ಪಾಪ ಎಂದು ಹೇಳುತ್ತಿರಲಿಲ್ಲ.

ಕೆಲಸ ಮುಗಿಯುವಷ್ಟರಲ್ಲಿ ನಮ್ಮ ಅವಧಿಯೂ ಮುಗಿದಿತ್ತು. ಅಕ್ಕನಿಗೆ ಲಕ್ವ ಹೊಡೆದು ಕಾಲು ಬಿದ್ದುಹೋಗಿತ್ತು. ಮಿಷನ್ ಮಗನ ಕೈಗೆ ಬಂದಿತ್ತು. ಉದ್ಘಾಟನೆಯ ದಿನ ನೋಡಿದರೆ ಅಂದು ಹೊಲಿಸಿದ್ದ ನೀರಿನ ಬಟ್ಟೆಗಳು ಒಂದೂ ಅಳತೆಗಿಲ್ಲ, ಹುಡುಗಿಯರು ಅಷ್ಟು ಬೆಳೆದುಬಿಟ್ಟಿದ್ದರು. ಅವನ್ನು ತಂಗಿಯರಿಗೆ ಹಾಕಿ, ತಾವು ಶಾಲೆಯ ಆಟದ ಬಟ್ಟೆಯಲ್ಲೇ ನೀರಿಗೆ ಬಿದ್ದರು. ಭಾಷಣ ಮಾಡುತ್ತಿದ್ದವರ ಮಾತು ಒಂದೂ ಕೇಳಿಸದಷ್ಟು ಕೇಕೆ. ಅಕ್ಕನನ್ನು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿಕೊಂಡು ಬಂದಿದ್ದರು. ಅಧ್ಯಕ್ಷರಾಗಿದ್ದವರೂ ನಾನೂ ಪ್ಯಾಂಟು ಮಡಿಸಿ, ಆ ಕಡೆ ಈ ಕಡೆ ಹಿಡಿದು ಕುರ್ಚಿಯನ್ನು ನೀರಿನ ನಡುವಿಗೇ ಒಯ್ದು ಇಟ್ಟೆವು. ನೀರು ಅವರ ಮಂಡಿಗೆ ಬಂತು.

"ಅಕ್ಕ, ಅತ್ತೆ ಮಾಡಿಸಿದ ಆಣೆ?" ಎಂದು ಕೆಣಕಿದೆ.

"ಏನಂದೆ?"

ಸತ್ತ ಕಾಲುಗಳನ್ನು ನೀರು ತಾನಾಗಿಯೇ ಮೇಲಕ್ಕೆತ್ತಿ ಅಲ್ಲಾಡಿಸುತ್ತಿತ್ತು. ಅಕ್ಕ ಅವನ್ನೇ ನೋಡುತ್ತ ಕೂತಿದ್ದರು. ಹುಡುಗಿಯೊಬ್ಬಳು ಬೊಗಸೆ ನೀರು ಎರಚಿದಳು. "ಅಂಗಲ್ಲ, ಇನ್ನೂ ಜೋರಾಗಿ," ಎಂದರು. ಅಷ್ಟು ಸಂತೋಷವಾಗಿದ್ದ ಯಾರನ್ನೂ ನಾನು ಕಂಡಿಲ್ಲ. ಅವರನ್ನು ಆಚೆಗೆ ತರಲು ನಮಗೆ ಸಂಜೆಯವರೆಗೂ ಬಿಡಲಿಲ್ಲ.

ತೀರಿಕೊಂಡ ದಿನ ಅವರ ಹೊಲದಲ್ಲೇ ಮಣ್ಣು ಮಾಡುವುದೆಂದಾಯಿತು. ಹೊಲದ ದಾರಿ ಕೆರೆ ಏರಿಯ ಮೇಲೆ, ಕಾರಂಜಿಯ ಪಕ್ಕದಲ್ಲೇ ಹೋಗುತ್ತದೆ. ಶಾಲೆಗೆ ರಜೆಯ ದಿನ. ತಮಟೆ ಸದ್ದು ಕೇಳಿ ಕಾವಲಿನವನು ಮೋಟಾರು ನಿಲ್ಲಿಸಿ, ಮಕ್ಕಳನ್ನೆಲ್ಲ ನೀರಿನಿಂದ ಎಬ್ಬಿಸಿ ಸಾಲಾಗಿ ನಿಲ್ಲಿಸಿದ್ದ. ಒದ್ದೆ ಬಟ್ಟೆಯಲ್ಲಿ, ಕೈ ಕಟ್ಟಿಕೊಂಡು, ನಡುಗುತ್ತ ನಿಂತಿದ್ದವು. ಚಟ್ಟದ ಮುಂದಿದ್ದ ಅಕ್ಕನ ಮಗ ನಿಂತ. ತಮಟೆಯೂ ನಿಂತಿತು.

"ಯಾಕಣ್ಣ ನಿಲ್ಸಿದ್ದೀಯ?"

"ಅಕ್ಕ ವೋಯ್ತಾವ್ರಲ್ಲಪ್ಪ."

"ಅದ್ಕೇ ಕಣಣ್ಣ," ಎಂದ ಮಗ. "ನೀರ್ ಬುಡು."

ಕಾವಲಿನವನು ನಮ್ಮ ಮುಖ ನೋಡಿದ. ಚಟ್ಟದ ಇನ್ನೊಂದು ಕಡೆ ಹೆಗಲು ಕೊಟ್ಟಿದ್ದ ಮಾಜಿ ಅಧ್ಯಕ್ಷರು ತಲೆಯಾಡಿಸಿದರು. ಮೋಟಾರು ಗುಟುರು ಹಾಕಿ ಶುರುವಾಯಿತು, ನೀರು ಎದ್ದಿತು. ಮಕ್ಕಳು ಏನು ಮಾಡಬೇಕೆಂದು ತಿಳಿಯದೆ ನಿಂತೇ ಇದ್ದವು. ಆಮೇಲೆ ಎಲ್ಲಕ್ಕಿಂತ ಚಿಕ್ಕವಳು, ದೊಗಳೆ ಬಟ್ಟೆಯವಳು, ದಬ್ಬನೆ ನೀರಿಗೆ ಬಿದ್ದಳು. ಅವಳ ಹಿಂದೆ ಉಳಿದವರೆಲ್ಲ ಬಿದ್ದರು. ಆಷಾಢದ ಗಾಳಿ ಜೋರಾಗಿತ್ತು. ನೀರು ಹಾರಿ ಬಂದು ನಮ್ಮ ಮೇಲೂ, ಅಕ್ಕನ ಮುಖದ ಮೇಲೂ ಬಿತ್ತು. ಯಾರೂ ಒರೆಸಲಿಲ್ಲ.